ನಿನ್ನೆ ಹಾಕಿದ ವೇರಿಯಬಲ್ ಇವತ್ತು ಇಲ್ಲ: ಬೋರ್ಡಿನ ಯುಇಎಫ್‌ಐ ಸ್ಟೋರೇಜ್ ತೊಂದರೆ ಹುಡುಕುವ ಬಗೆ

ಈ ಸಲ ಮಳೆ ಹಿಡಿದ ಮೇಲೆ ಬದಿಯಡ್ಕದ ಹತ್ತಿರದ ನಮ್ಮ ಕೆಲಸದ ಕೋಣೆಗೆ ನಾಲ್ಕು ಬೋರ್ಡು ಬಂದವು. ನಾಲ್ಕೂ ಲಿನಕ್ಸ್ ಓಡಿಸುವ ಚಿಕ್ಕ ಕಂಪ್ಯೂಟರುಗಳು, ಅಡಿಕೆ ತೋಟದ ಪಂಪ್‌ಶೆಡ್ಡಿನಲ್ಲಿ ಕೂತು, ಸುರಂಗದ ನೀರಿನ ಮಟ್ಟ ನೋಡಿ ಪಂಪು ನಡೆಸುವಂಥವು. ನಾಲ್ಕಕ್ಕೂ ದೂರು ಒಂದೇ. "ನಿನ್ನೆ ಹಾಕಿದ್ದು ಅಣ್ಣ, ರೀಬೂಟ್ ಆದ ಮೇಲೆ ಇಲ್ಲ." ಬಿಚ್ಚಿ ನೋಡಿದರೆ ನಾಲ್ಕಕ್ಕೂ ಕಾರಣ ಬೇರೆ ಬೇರೆ. ಮೂರು ಸರಿಯಾದವು. ಒಂದರ ಸ್ಟೋರೇಜ್ ಚಿಪ್ಪನ್ನೇ ಕಿತ್ತು ಹೊಸದು ಹಾಕಬೇಕಾಯಿತು. ಆ ಒಂದು ಬೋರ್ಡು ಸುಮ್ನೆ ಹೋದದ್ದು ನನಗೆ ಇನ್ನೂ ಬೇಜಾರು. ಹಾಗಾಗಿ ನಾವು ಯಾವ ಕ್ರಮದಲ್ಲಿ ಹುಡುಕಿದೆವು ಅನ್ನುವುದನ್ನು ಪೂರ್ತಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ವೇರಿಯಬಲ್ ನಿಜವಾಗಿ ಎಲ್ಲಿ ಹೋಗಿ ಕೂರುತ್ತಿದೆ ಎಂದು ಗೊತ್ತಾಗುವವರೆಗೆ ಬೋರ್ಡಿಗೆ ಏನನ್ನೂ ಬರೆಯಬೇಡಿ. ಓದಿದರೆ ಏನೂ ಹಾಳಾಗುವುದಿಲ್ಲ. ಬರೆದರೆ, ಇಲ್ಲಿ ಕೆಲವು ಕಡೆ ವಾಪಸ್ ಬರುವ ದಾರಿಯೇ ಇಲ್ಲ.

ಎಲ್ಲಿ ಕೂರುತ್ತದೆ

ಯುಇಎಫ್‌ಐ ಅಂದರೆ ಲಿನಕ್ಸ್ ಶುರುವಾಗುವ ಮೊದಲು ಓಡುವ ಫರ್ಮ್‌ವೇರ್ ಹೇಗಿರಬೇಕು ಅನ್ನುವ ಪದ್ಧತಿ. ಅದರ ವೇರಿಯಬಲ್ ಅಂದರೆ ಬೂಟ್ ಆಗುವ ಮೊದಲೇ ಫರ್ಮ್‌ವೇರ್‌ಗೆ ಬೇಕಾದ ಚಿಕ್ಕ ಚಿಕ್ಕ ದಾಖಲೆಗಳು. ಯಾವುದರಿಂದ ಮೊದಲು ಬೂಟ್ ಮಾಡಬೇಕು ಅನ್ನುವ ಬೂಟ್‌ಆರ್ಡರ್ ಒಂದು. ಸಹಿ ಸರಿಯಿದ್ದ ಪ್ರೋಗ್ರಾಂ ಮಾತ್ರ ಬೂಟ್ ಆಗಲಿ ಅನ್ನುವ ಸೆಕ್ಯೂರ್ ಬೂಟ್‌ಗೆ ಬೇಕಾದ ಕೀಗಳು ಪಿಕೆ, ಕೆಇಕೆ, ಒಪ್ಪಿದವರ ಪಟ್ಟಿ ಡಿಬಿ, ಒಪ್ಪದವರ ಪಟ್ಟಿ ಡಿಬಿಎಕ್ಸ್ ಇನ್ನು ನಾಲ್ಕು. ಪಿಸಿಯಲ್ಲಿ ಇವು ಮದರ್‌ಬೋರ್ಡಿನ ಎಸ್‌ಪಿಐ ಫ್ಲ್ಯಾಶ್‌ನಲ್ಲಿ ಇರುತ್ತವೆ. ನಮ್ಮ ಆರ್ಮ್ ಬೋರ್ಡುಗಳಲ್ಲಿ ಅಂಥ ಪ್ರತ್ಯೇಕ ಜಾಗ ಅನೇಕ ಸಲ ಇರುವುದೇ ಇಲ್ಲ. ಪವರ್ ಕೊಟ್ಟ ಮೇಲೆ ಲಿನಕ್ಸನ್ನು ಎಬ್ಬಿಸುವ ಯು-ಬೂಟ್ ಅನ್ನುವ ಪ್ರೋಗ್ರಾಂ ಬಳಸುವ ಬೋರ್ಡಾದರೆ ಸಾಮಾನ್ಯವಾಗಿ ಎರಡು ದಾರಿ.

ಒಂದು, ಬೂಟ್ ಫೈಲುಗಳಿರುವ ಇಎಸ್‌ಪಿ ಪಾರ್ಟಿಷನ್‌ನಲ್ಲಿ ಯುಬೂಟ್‌ಎಫಿ ಡಾಟ್ ವಾರ್ ಅನ್ನುವ ಫೈಲು. ಎಸ್‌ಡಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದ ಯಾರು ಬೇಕಾದರೂ ಇದನ್ನು ತಿದ್ದಬಹುದು. ಇನ್ನೊಂದು, ಬೋರ್ಡಿನ ಇಎಂಎಂಸಿ ಅನ್ನುವ ಸ್ಟೋರೇಜ್ ಚಿಪ್ಪಿನೊಳಗಿನ ಆರ್‌ಪಿಎಂಬಿ ಅನ್ನುವ ಬೀಗ ಹಾಕಿದ ಭಾಗ. ಇದಕ್ಕೆ ಪ್ರೊಸೆಸರಿನ ಸೆಕ್ಯೂರ್ ಕಡೆಯಲ್ಲಿ, ಅಂದರೆ ಲಿನಕ್ಸ್ ಮುಟ್ಟಲಾರದ ಕಡೆಯಲ್ಲಿ, ಆಪ್-ಟೀ ಅನ್ನುವ ಚಿಕ್ಕ ಓಎಸ್ ಓಡುತ್ತಿರಬೇಕು, ಅದರ ಒಳಗೆ ಇಡಿಕೆ2 ಅನ್ನುವ ಯುಇಎಫ್‌ಐ ಕೋಡಿನಿಂದ ಕಟ್ಟಿದ ಸ್ಟ್ಯಾಂಡಲೋನ್ ಎಂಎಂ ಇರಬೇಕು. ವೇರಿಯಬಲ್ ಲೆಕ್ಕ ನೋಡಿಕೊಳ್ಳುವವನು ಈ ಎಂಎಂ.

ಆರ್‌ಪಿಎಂಬಿ ಅರ್ಥ ಮಾಡಿಕೊಳ್ಳಲು ನಮ್ಮ ಊರಿನ ಸೊಸೈಟಿ ಲೆಕ್ಕವನ್ನೇ ನೆನೆಸಿಕೊಳ್ಳಿ. ಪ್ರತಿ ಎಂಟ್ರಿಗೂ ಒಂದು ಕ್ರಮಸಂಖ್ಯೆ, ಪ್ರತಿ ಎಂಟ್ರಿಗೂ ಮೊಹರು. ನಡುವೆ ಹಳೇ ಹಾಳೆ ತಂದು ಸೇರಿಸಿದರೆ ಸಂಖ್ಯೆ ತಾಳೆಯಾಗುವುದಿಲ್ಲ, ಸುಳ್ಳು ಎಂಟ್ರಿ ಬರೆದರೆ ಮೊಹರು ಸರಿ ಬರುವುದಿಲ್ಲ. ಆರ್‌ಪಿಎಂಬಿಯಲ್ಲಿ ಮೊಹರು ಅಂದರೆ 32 ಬೈಟಿನ ಒಂದು ಕೀ, ಅದರಿಂದ ಹುಟ್ಟುವ ಎಚ್‌ಮ್ಯಾಕ್ ಎಸ್‌ಎಚ್‌ಎ-256 ಸಹಿ. ಕ್ರಮಸಂಖ್ಯೆ ಅಂದರೆ ರೈಟ್ ಕೌಂಟರ್. ಡೇಟಾ 256 ಬೈಟಿನ ತುಂಡುಗಳಾಗಿ ಹೋಗುತ್ತದೆ. ಭಾಗದ ಒಟ್ಟು ಗಾತ್ರ 128 ಕೆಬಿಯ ಗುಣಕ. ಇಷ್ಟರಲ್ಲಿ ಮುಖ್ಯವಾದದ್ದು ಇದು: ಆ 32 ಬೈಟಿನ ಕೀಯನ್ನು ಚಿಪ್ಪಿನ ಇಡೀ ಆಯುಷ್ಯದಲ್ಲಿ ಒಂದೇ ಸಲ ಬರೆಯಬಹುದು. ಅಳಿಸಲು ಆಗುವುದಿಲ್ಲ, ಬದಲಿಸಲು ಆಗುವುದಿಲ್ಲ, ಓದಿ ನೋಡಲೂ ಆಗುವುದಿಲ್ಲ.

ಮೊದಲು ಸೀರಿಯಲ್ ಕನ್ಸೋಲ್

ಎಸ್‌ಎಸ್‌ಎಚ್ ಮಾಡಿ ಒಳಗಿನಿಂದ ನೋಡಿದರೆ ಅರ್ಧ ಕತೆ ಮಾತ್ರ ಕಾಣುತ್ತದೆ. 3.3 ವೋಲ್ಟಿನ ಯುಎಸ್‌ಬಿ ಸೀರಿಯಲ್ ಕೇಬಲ್ ಸಿಕ್ಕಿಸಿ, ಹೆಚ್ಚಿನ ಬೋರ್ಡಿಗೆ ವೇಗ 115200, ಪವರ್ ಕೊಟ್ಟ ಕ್ಷಣದಿಂದ ಲಿನಕ್ಸ್ ಲಾಗಿನ್ ಬರುವವರೆಗಿನ ಎಲ್ಲಾ ಸಾಲುಗಳನ್ನು ಫೈಲಿಗೆ ಉಳಿಸಿಕೊಳ್ಳಿ. ಆಪ್-ಟೀಯ ಲಾಗ್ ಮಟ್ಟವನ್ನು 3ಕ್ಕೋ 4ಕ್ಕೋ ಏರಿಸಿ ಕಟ್ಟಿದ ಒಂದು ಇಮೇಜು ಕೈಯಲ್ಲಿದ್ದರೆ ತುಂಬಾ ಸುಲಭ. ಆದರೆ ಆ ಇಮೇಜಿನಲ್ಲಿ ಆರ್‌ಪಿಎಂಬಿ ಕೀ ಬರೆಯುವ ಆಯ್ಕೆ ಆಫ್ ಆಗಿರಬೇಕು. ಇದನ್ನು ಎರಡೆರಡು ಸಲ ನೋಡಿಕೊಳ್ಳಿ. ಆ ಆಯ್ಕೆ ಆನ್ ಇದ್ದರೆ, ಖಾಲಿ ಚಿಪ್ಪು ಕಂಡ ಕೂಡಲೇ ಆಪ್-ಟೀ ಯಾರನ್ನೂ ಕೇಳದೆ ಕೀ ಬರೆದುಬಿಡುತ್ತದೆ.

ಇನ್ನೊಂದು, ನಮ್ಮ ಕಡೆಗೆ ಮಾತ್ರ ಹೇಳಬೇಕಾದ್ದು. ಬೋರ್ಡನ್ನು ಪಂಪ್‌ಶೆಡ್ಡಿನಲ್ಲೇ ಇಟ್ಟು ಪರೀಕ್ಷೆ ಮಾಡಬೇಡಿ. ಪಂಪು ಸ್ಟಾರ್ಟ್ ಆಗುವಾಗ ವೋಲ್ಟೇಜ್ ಬೀಳುತ್ತದೆ, ಅಗ್ಗದ ಅಡಾಪ್ಟರ್ ಆ ಪೆಟ್ಟನ್ನು ತಡೆಯುವುದಿಲ್ಲ. ಇಎಂಎಂಸಿಗೆ ಬರೆಯುವ ಹೊತ್ತಿಗೆ ಹಾಗಾದರೆ ನಿಮಗೆ ಕಾಣುವ ಎರರ್ ನಿಜವಾದ ಕಾಯಿಲೆಯದ್ದೋ ಕರೆಂಟಿನದ್ದೋ ಎಂದು ಹೇಳುವುದು ಕಷ್ಟ. ಮನೆಗೆ ತಂದು, ಒಳ್ಳೆಯ ಪವರ್ ಸಪ್ಲೈ ಕೊಟ್ಟು ನೋಡಿ.

ಯು-ಬೂಟ್ ಪ್ರಾಂಪ್ಟಿನಲ್ಲಿ ನಿಲ್ಲಿಸಿ, ಪ್ರಿಂಟ್‌ಎನ್ವ್ ಜೊತೆ ಮೈನಸ್ ಇ ಹಾಕಿ. ಮೈನಸ್ ಇ ಇಲ್ಲದಿದ್ದರೆ ಬರುವುದು ಯು-ಬೂಟ್‌ನ ಸ್ವಂತ ಎನ್ವಿರಾನ್‌ಮೆಂಟ್, ಅದಕ್ಕೂ ಯುಇಎಫ್‌ಐ ವೇರಿಯಬಲ್‌ಗೂ ಸಂಬಂಧ ಇಲ್ಲ. ಸೇವ್‌ಎನ್ವ್ ಹೊಡೆದು "ಸೇವ್ ಆಯಿತಲ್ಲ" ಎಂದು ಕೂರುವವರನ್ನು ಬಹಳ ನೋಡಿದ್ದೇನೆ. ಮೈನಸ್ ಇ ಹಾಕಿದಾಗ ಪ್ರತಿ ವೇರಿಯಬಲ್‌ನ ಪಕ್ಕ ಅದರ ಗುಣಗಳು ಕಾಣುತ್ತವೆ: ಎನ್‌ವಿ (ಪವರ್ ಹೋದರೂ ಉಳಿಯುವುದು), ಬಿಎಸ್ (ಬೂಟ್ ಹೊತ್ತಿನಲ್ಲಿ ಸಿಗುವುದು), ಆರ್‌ಟಿ (ಲಿನಕ್ಸ್ ಬಂದ ಮೇಲೂ ಸಿಗುವುದು), ಎಟಿ (ಬದಲಿಸಲು ಸಹಿ ಬೇಕಾದದ್ದು). ಎನ್‌ವಿ ಇಲ್ಲವೆಂದರೆ ಅದು ಪವರ್ ಹೋದಾಗ ಹೋಗುವಂಥದ್ದೇ.

ನಮ್ಮ ಮೊದಲನೇ ಬೋರ್ಡಿನ ಕತೆ ಇಷ್ಟೇ. ಪೆರ್ಲದ ಕಡೆಯ ತಮ್ಮ ಒಬ್ಬ ಸೆಟ್‌ಎನ್ವ್ ಮೈನಸ್ ಇ ಎಂದು ತನ್ನದೇ ಒಂದು ವೇರಿಯಬಲ್ ಹಾಕಿದ್ದ, ಮೈನಸ್ ಎನ್‌ವಿ ಹಾಕಿರಲಿಲ್ಲ. ಹತ್ತು ನಿಮಿಷದ ಕೆಲಸ. ಅದಕ್ಕಾಗಿ ಅವನು ಎರಡು ದಿನ ಇಮೇಜ್ ಕಟ್ಟಿ ಕಟ್ಟಿ ಸುಸ್ತಾಗಿದ್ದ.

ಬೂಟ್‌ಆರ್ಡರ್ ಉಳಿಯುತ್ತದೆ, ಪಿಕೆ ಉಳಿಯುವುದಿಲ್ಲ

ಎರಡನೇ ಬೋರ್ಡು ಸ್ವಲ್ಪ ತಲೆ ತಿನ್ನುವಂಥದ್ದು. ಬೂಟ್‌ಆರ್ಡರ್ ಬದಲಿಸಿದರೆ ರೀಬೂಟ್ ಆದ ಮೇಲೂ ಇರುತ್ತಿತ್ತು. ಅಂದರೆ ಸ್ಟೋರೇಜ್ ಕೆಲಸ ಮಾಡುತ್ತಿದೆ, ಅಲ್ವಾ? ಆದರೆ ಪಿಕೆ, ಕೆಇಕೆ, ಡಿಬಿ ಮಾತ್ರ ಪ್ರತಿ ಸಲ ಮಾಯ, ಸೆಟಪ್‌ಮೋಡ್ ಮತ್ತೆ 1, ಅಂದರೆ ಕೀ ಇನ್ನೂ ಹಾಕಿಲ್ಲ.

ಇದು ದೋಷ ಅಲ್ಲ. ಫೈಲಿನಲ್ಲಿ ವೇರಿಯಬಲ್ ಇಡುವ ವ್ಯವಸ್ಥೆಯಲ್ಲಿ ಯು-ಬೂಟ್ ಬೇಕೆಂದೇ ಹೀಗೆ ಮಾಡುತ್ತದೆ. ಯಾರು ಬೇಕಾದರೂ ತಿದ್ದಬಹುದಾದ ಫೈಲಿನಿಂದ ಸೆಕ್ಯೂರ್ ಬೂಟ್ ಕೀಗಳನ್ನು ಎತ್ತಿಕೊಂಡರೆ ಸೆಕ್ಯೂರ್ ಬೂಟ್ ಇದ್ದೂ ಇಲ್ಲದ ಹಾಗೆ. ಹಾಗಾಗಿ ಬೂಟ್ ಆಗುವಾಗ ಫೈಲನ್ನು ಓದಿ ಸಾಮಾನ್ಯ ವೇರಿಯಬಲ್‌ಗಳನ್ನು ತೆಗೆದುಕೊಳ್ಳುತ್ತದೆ, ಈ ಕೀಗಳನ್ನು ಬಿಟ್ಟುಬಿಡುತ್ತದೆ. ನಿಮ್ಮ ಬೋರ್ಡಿನಲ್ಲಿ ಈ ಲಕ್ಷಣ ಕಂಡರೆ ಮತ್ತೇನೂ ಹುಡುಕಬೇಕಾಗಿಲ್ಲ, ನೀವು ಫೈಲ್ ಸ್ಟೋರ್‌ನಲ್ಲಿದ್ದೀರಿ.

ಇಲ್ಲಿಂದ ಹೊರಬರಲು ಎರಡು ದಾರಿ ಇದೆ. ಕೀಗಳು ಎಂದೂ ಬದಲಾಗುವುದಿಲ್ಲ ಅಂತಾದರೆ ಯು-ಬೂಟ್ ಕಟ್ಟುವಾಗಲೇ ಅವನ್ನು ಬೈನರಿಯೊಳಗೆ ಸೇರಿಸುವ ಪ್ರೀಸೀಡ್ ಆಯ್ಕೆ ಇದೆ. ಆಗ ಯು-ಬೂಟ್ ಬೈನರಿಯನ್ನೇ ಹಿಂದಿನ ಹಂತ ಸಹಿ ನೋಡಿ ಒಪ್ಪಿಕೊಳ್ಳುವಂತಿರಬೇಕು, ಇಲ್ಲದಿದ್ದರೆ ಬೈನರಿಯನ್ನೇ ಬದಲಿಸಿಬಿಡಬಹುದು. ಐದಾರು ಪಂಪಿಗೆ ಹಾಕುವ ಚಿಕ್ಕ ಕೆಲಸಕ್ಕೆ ನಾನು ಇದನ್ನೇ ಹೇಳುತ್ತೇನೆ. ಡಿಬಿಎಕ್ಸ್ ಆಗಾಗ ಬದಲಾಗಬೇಕು, ಹಳೇ ಕೀ ತೆಗೆದು ಹೊಸದು ಹಾಕಬೇಕು ಅಂತಾದರೆ ಆರ್‌ಪಿಎಂಬಿಯೇ ಬೇಕು.

ಚಿಪ್ಪು ಸಿಗುತ್ತಿಲ್ಲ

ಆರ್‌ಪಿಎಂಬಿ ದಾರಿ ಹಿಡಿದವರಿಗೆ ಮೊದಲ ಪ್ರಶ್ನೆ: ಬೋರ್ಡಿನಲ್ಲಿ ಇಎಂಎಂಸಿ ಇದೆಯಾ? ನಾವು ಬಳಸುವ ಸಾಮಾನ್ಯ ಎಸ್‌ಡಿ ಕಾರ್ಡಿನಲ್ಲಿ ಈ ಭಾಗ ಸಿಗುವುದಿಲ್ಲ. ಯು-ಬೂಟ್‌ನಲ್ಲಿ ಎಂಎಂಸಿ ಇನ್ಫೋ ಕೊಟ್ಟರೆ ಆರ್‌ಪಿಎಂಬಿ ಸಾಮರ್ಥ್ಯದ ಸಾಲು ಬರಬೇಕು. ಬರದಿದ್ದರೆ ನೀವು ಬೇರೆ ಡಿವೈಸನ್ನು ನೋಡುತ್ತಿದ್ದೀರಿ, ಎಂಎಂಸಿ ಡೆವ್ ಕೊಟ್ಟು ಬದಲಿಸಿ ನೋಡಿ.

ಡಿವೈಸ್ ನಂಬರ್ ಅಂದೆನಲ್ಲ, ಮೂರನೇ ಬೋರ್ಡಿನ ಕಾಯಿಲೆ ಅದೇ. ಆಪ್-ಟೀಗೆ ಕಟ್ಟುವಾಗಲೇ ಒಂದು ಸಂಖ್ಯೆ ಕೊಟ್ಟಿರುತ್ತೇವೆ, ಇಂತಿಷ್ಟನೇ ಎಂಎಂಸಿಯ ಆರ್‌ಪಿಎಂಬಿ ಬಳಸು ಎಂದು. ಇಮೇಜ್ ಅಪ್‌ಡೇಟ್ ಮಾಡುವಾಗ ಬೋರ್ಡಿನಲ್ಲಿ ಏನೇನಿದೆ ಎಂದು ಹೇಳುವ ಡಿವೈಸ್ ಟ್ರೀಯಲ್ಲಿ ಅಲಿಯಾಸ್, ಅಂದರೆ ಯಾವ ಡಿವೈಸಿಗೆ ಯಾವ ಸಂಖ್ಯೆ ಅನ್ನುವುದು, ಬದಲಾಗಿ ಎಸ್‌ಡಿ ಕಾರ್ಡು 0 ಆಯಿತು, ಇಎಂಎಂಸಿ 1 ಆಯಿತು. ಆಪ್-ಟೀ ಪಾಪ 0ಯನ್ನೇ ಕೇಳುತ್ತಿತ್ತು. ಡೇಟಾ ಎಲ್ಲಾ ಚಿಪ್ಪಿನಲ್ಲಿ ಸುರಕ್ಷಿತವಾಗಿ ಇತ್ತು, ಹುಡುಕುವ ಬಾಗಿಲು ಮಾತ್ರ ತಪ್ಪು. ಅಲಿಯಾಸ್ ಸರಿ ಮಾಡಿದ ಕೂಡಲೇ ಎಲ್ಲಾ ಕೀಗಳೂ ಕಂಡವು. ಯು-ಬೂಟ್ ಒಂದು ಸಂಖ್ಯೆ ಹೇಳಿ ಲಿನಕ್ಸ್ ಇನ್ನೊಂದು ಹೇಳುವುದೂ ಉಂಟು, ಎರಡೂ ಕಡೆ ನೋಡಿ.

ಇಲ್ಲೇ ಇನ್ನೊಂದು ವಿಷಯ ತಿಳಿದಿರಲಿ. ಈ ಏರ್ಪಾಡಿನಲ್ಲಿ ಇಎಂಎಂಸಿ ಡ್ರೈವರ್ ಇರುವುದು ಸೆಕ್ಯೂರ್ ಅಲ್ಲದ ಕಡೆ. ಆಪ್-ಟೀ ಸಹಿ ಹಾಕಿದ ಪ್ಯಾಕೆಟ್ ಕೊಡುತ್ತದೆ, ಅದನ್ನು ಚಿಪ್ಪಿನವರೆಗೆ ಹೊತ್ತುಕೊಂಡು ಹೋಗುವವರು ಬೇರೆ. ಯು-ಬೂಟ್ ಓಡುವಾಗ ಯು-ಬೂಟ್ ಹೊರುತ್ತದೆ. ಲಿನಕ್ಸ್ ಬಂದ ಮೇಲೆ ಟೀ-ಸಪ್ಲಿಕೆಂಟ್ ಅನ್ನುವ ಪ್ರೋಗ್ರಾಂ ಹೊರುತ್ತದೆ. 6.12ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಆರ್‌ಪಿಎಂಬಿಗೆ ವ್ಯವಸ್ಥೆ ಬಂದಿದೆ. ಹೊರುವವನು ಪ್ಯಾಕೆಟ್ ತಿದ್ದಲಾರ, ಆದರೆ ಕೆಲಸಕ್ಕೆ ಬರದೇ ಇರಬಹುದು. ಹಾಗಾಗಿ ಯು-ಬೂಟ್‌ನಲ್ಲಿ ಸರಿ, ಲಿನಕ್ಸ್‌ನಲ್ಲಿ ಮಾತ್ರ ತೊಂದರೆ ಅಂದರೆ ಮೊದಲು ಸಪ್ಲಿಕೆಂಟ್ ಓಡುತ್ತಿದೆಯಾ ನೋಡಿ.

ಸಪ್ಲಿಕೆಂಟ್ ಕಟ್ಟುವಾಗ ಎಮ್ಯುಲೇಷನ್ ಅನ್ನುವ ಒಂದು ಆಯ್ಕೆ ಇದೆ. ಅದು ಆನ್ ಆಗಿದ್ದರೆ ಸಪ್ಲಿಕೆಂಟ್ ನಿಜ ಚಿಪ್ಪನ್ನು ಮುಟ್ಟುವುದೇ ಇಲ್ಲ, ಮೆಮೊರಿಯಲ್ಲಿ ಒಂದು ಆರ್‌ಪಿಎಂಬಿ ಇದ್ದ ಹಾಗೆ ನಡೆಸುತ್ತದೆ. ಪಾಠ ಕಲಿಯಲು ಅದು ಬಹಳ ಒಳ್ಳೆಯದು, ಚಿಪ್ಪು ಹಾಳಾಗುವ ಭಯ ಇಲ್ಲ, ಮಕ್ಕಳಿಗೆ ಕಲಿಸುವಾಗ ನಾನು ಅದರಲ್ಲೇ ಶುರು ಮಾಡಿಸುತ್ತೇನೆ. ಆದರೆ ತೋಟಕ್ಕೆ ಹೋಗುವ ಇಮೇಜಿನಲ್ಲಿ ಅದು ಇರಬಾರದು.

ಚಿಪ್ಪು ಏನು ಹೇಳುತ್ತಿದೆ ಕೇಳಿ

ಚಿಪ್ಪು ಸಿಕ್ಕಿತು, ಆದರೂ ಎರರ್. ಈಗ ರೈಟ್ ಕೌಂಟರ್ ಓದಿ. ಯು-ಬೂಟ್‌ನ ಎಂಎಂಸಿ ಆರ್‌ಪಿಎಂಬಿ ಆಜ್ಞೆಯಲ್ಲಿ ಕೌಂಟರ್ ಎಂದಿದೆ, ಲಿನಕ್ಸ್‌ನ ಎಂಎಂಸಿ-ಯುಟಿಲ್ಸ್‌ನಲ್ಲಿ ರೀಡ್-ಕೌಂಟರ್ ಎಂದಿದೆ. ಎರಡೂ ಬರೀ ಓದುವುದು, ಧೈರ್ಯವಾಗಿ ಮಾಡಿ. ಅದರ ಪಕ್ಕದಲ್ಲೇ ಕೀ ಬರೆಯುವ ಆಜ್ಞೆಯೂ ಇದೆ. ಅದರ ಹತ್ತಿರ ಹೋಗಬೇಡಿ.

ಉತ್ತರವಾಗಿ ಬರುವ ಸಂಖ್ಯೆಯೇ ಅರ್ಧ ರೋಗ ಹೇಳುತ್ತದೆ. 7 ಬಂದರೆ ಕೀ ಇನ್ನೂ ಬರೆದೇ ಇಲ್ಲ, ಚಿಪ್ಪು ಕನ್ನೆ. ಇದು ಒಳ್ಳೆಯ ಸುದ್ದಿ, ಎಲ್ಲಾ ದಾರಿಯೂ ತೆರೆದಿದೆ. ಕೌಂಟರಿನ ಸಂಖ್ಯೆ ಬಂದರೆ ಯಾರೋ ಆಗಲೇ ಕೀ ಬರೆದಿದ್ದಾರೆ. ಇನ್ನು ಆಪ್-ಟೀ ಲಾಗಿನಲ್ಲಿ ನೋಡಿ. ಅಲ್ಲಿ 2 ಇದ್ದರೆ ಸಹಿ ತಾಳೆಯಾಗಿಲ್ಲ, ಅಂದರೆ ಚಿಪ್ಪಿನ ಕೀ ಬೇರೆ, ಆಪ್-ಟೀ ಅಂದುಕೊಂಡ ಕೀ ಬೇರೆ. 3 ಇದ್ದರೆ ಕೌಂಟರ್ ತಾಳೆಯಾಗಿಲ್ಲ, ಎರಡು ಕಡೆಯಿಂದ ಒಟ್ಟಿಗೆ ಬರೆಯುತ್ತಿದ್ದಾರಾ ನೋಡಿ. 4 ಅಂದರೆ ವಿಳಾಸ ತಪ್ಪು. 5 ಮತ್ತು 6 ಬರೆಯುವ, ಓದುವ ಸೋಲು, ಅಲ್ಲಿ ನಾನು ಮೊದಲು ಪವರ್ ಸಪ್ಲೈಯನ್ನೇ ಸಂಶಯಿಸುತ್ತೇನೆ.

ಸಂಕಟ ಇರುವುದು 2ರಲ್ಲಿ.

ಆಪ್-ಟೀ ತನ್ನ ಆರ್‌ಪಿಎಂಬಿ ಕೀಯನ್ನು ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ. ಪ್ರತಿ ಸಲ ಲೆಕ್ಕ ಹಾಕಿ ತೆಗೆಯುತ್ತದೆ. ಅದಕ್ಕೆ ಬೇಕಾದದ್ದು ಎರಡು: ಪ್ರೊಸೆಸರ್ ಚಿಪ್ಪಿನೊಳಗಿನ ಹಾರ್ಡ್‌ವೇರ್ ಯುನೀಕ್ ಕೀ, ಮತ್ತೆ ಇಎಂಎಂಸಿಯ ಸಿಐಡಿ ಅನ್ನುವ ಗುರುತು. ಇವೆರಡರಲ್ಲಿ ಒಂದು ಬದಲಾದರೂ ಬರುವ ಕೀ ಬೇರೆಯಾಗುತ್ತದೆ. ಕಳಚಿ ಹಾಕುವ ಇಎಂಎಂಸಿ ಮಾಡ್ಯೂಲ್ ಇರುವ ಬೋರ್ಡಿನಲ್ಲಿ ಒಂದರ ಮಾಡ್ಯೂಲನ್ನು ಇನ್ನೊಂದಕ್ಕೆ ಹಾಕಿದರೆ 2 ಬರುತ್ತದೆ. ಅದು ಸುಲಭ, ವಾಪಸ್ ಅದರದ್ದೇ ಬೋರ್ಡಿಗೆ ಹಾಕಿದರೆ ಮುಗಿಯಿತು. ನಾವಂತೂ ಈಗ ಮಾಡ್ಯೂಲಿಗೂ ಬೋರ್ಡಿಗೂ ಒಂದೇ ಬಣ್ಣದ ಪೇಂಟಿನ ಚುಕ್ಕೆ ಇಡುತ್ತೇವೆ. ಪರೀಕ್ಷೆಗೆಂದು ಇರುವ ಟೆಸ್ಟ್ ಕೀ ಆಯ್ಕೆಯಲ್ಲಿ ಕಟ್ಟಿದ ಇಮೇಜಿನಿಂದ ಕೀ ಬರೆದು, ಆಮೇಲೆ ನಿಜವಾದ ಇಮೇಜು ಹಾಕಿದರೂ ಇದೇ 2. ಆಗ ಚಿಪ್ಪು ಟೆಸ್ಟ್ ಕೀಯ ಜೊತೆ ಮಾತ್ರ ಮಾತಾಡುತ್ತದೆ, ಆ ಕೀ ಎಲ್ಲರಿಗೂ ಗೊತ್ತಿರುವಂಥದ್ದು, ಹಾಗಾಗಿ ಆ ಚಿಪ್ಪನ್ನು ಮೇಜಿನ ಮೇಲಿನ ಪ್ರಯೋಗಕ್ಕೆ ಇಟ್ಟುಕೊಳ್ಳಿ, ತೋಟಕ್ಕೆ ಕಳಿಸಬೇಡಿ.

ನಾಲ್ಕನೇ ಬೋರ್ಡು ಹೋದದ್ದು 2 ಬರುವ ಮೂರನೇ ಬಗೆಯಲ್ಲಿ, ಮತ್ತು ಇದೇ ಅತಿ ಕೆಟ್ಟದ್ದು. ಕೆಲವು ಪ್ರೊಸೆಸರ್‌ಗಳಲ್ಲಿ, ಐ.ಎಂಎಕ್ಸ್ ಬಳಗದಲ್ಲಿ ಇದು ಸ್ಪಷ್ಟವಾಗಿದೆ, ಫ್ಯೂಸ್ (ಒಂದೇ ಸಲ ಬರೆಯಬಹುದಾದ ಬಿಟ್‌ಗಳು) ಸುಟ್ಟು ಪ್ರೊಸೆಸರನ್ನು ಲಾಕ್ ಮಾಡುವ ಮೊದಲು ಸಿಗುವ ಹಾರ್ಡ್‌ವೇರ್ ಕೀ ಒಂದು ಪರೀಕ್ಷಾ ಕೀ. ಲಾಕ್ ಮಾಡಿದ ಮೇಲೆ ಸಿಗುವುದು ನಿಜವಾದ ಕೀ. ಬೋರ್ಡನ್ನು ಸಿದ್ಧ ಮಾಡಿ ಕೊಟ್ಟವರು ಲಾಕ್ ಆಗುವ ಮೊದಲೇ ಆರ್‌ಪಿಎಂಬಿ ಕೀ ಬರೆಯುವ ಇಮೇಜಿನಲ್ಲಿ ಒಂದು ಸಲ ಬೂಟ್ ಮಾಡಿ ನೋಡಿದ್ದರು. ಎಲ್ಲಾ ಚೆನ್ನಾಗಿ ನಡೆಯಿತು, ವೇರಿಯಬಲ್ ಉಳಿಯಿತು, ಖುಷಿಯಲ್ಲಿ ಫ್ಯೂಸ್ ಸುಟ್ಟರು. ಮುಂದಿನ ಬೂಟ್‌ನಿಂದ ಆಪ್-ಟೀ ಬೇರೆ ಕೀ ಲೆಕ್ಕ ಹಾಕತೊಡಗಿತು. ಫ್ಯೂಸ್ ವಾಪಸ್ ಬರುವುದಿಲ್ಲ, ಆರ್‌ಪಿಎಂಬಿ ಕೀ ವಾಪಸ್ ಬರುವುದಿಲ್ಲ. ಎರಡು ಬೀಗ, ಎರಡಕ್ಕೂ ಹಿಂದೆ ದಾರಿ ಇಲ್ಲ. ಚಿಪ್ಪು ಬದಲಿಸಿದೆವು. ಸಿಐಡಿಯೂ ಹೊಸದಾದ್ದರಿಂದ ಹೊಸ ಕೀಯನ್ನು ಲಾಕ್ ಆದ ಸ್ಥಿತಿಯಲ್ಲೇ ಬರೆಸಿದೆವು.

ಹಾಗಾಗಿ ಕ್ರಮ ಹೀಗಿರಲಿ. ಎಲ್ಲಾ ಪರೀಕ್ಷೆ ಎಮ್ಯುಲೇಷನ್‌ನಲ್ಲೋ ಹಾಳಾದರೂ ಪರವಾಗಿಲ್ಲ ಅನ್ನುವ ಒಂದು ಬೋರ್ಡಿನಲ್ಲೋ ಮುಗಿಸಿ. ಆಮೇಲೆ ಫ್ಯೂಸ್. ಫ್ಯೂಸ್ ಆದ ಮೇಲೆ ಸಹಿ ಹಾಕಿದ ಇಮೇಜು ಬೂಟ್ ಆಗುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಕೊನೆಗೆ, ಒಂದೇ ಒಂದು ಸಲ, ಕೀ ಬರೆಯುವ ಇಮೇಜು. ಅದನ್ನು ನಿಮ್ಮ ಕೋಣೆಯಲ್ಲೇ, ನಿಮ್ಮ ಕಣ್ಣೆದುರೇ ಮಾಡಿ, ಯಾಕೆಂದರೆ ಆ ಒಂದು ಸಲ ಕೀ ಪ್ರೊಸೆಸರಿನಿಂದ ಇಎಂಎಂಸಿಗೆ ಹೋಗುವ ತಂತಿಗಳ ಮೇಲೆ ಮುಚ್ಚುಮರೆ ಇಲ್ಲದೆ ಹೋಗುತ್ತದೆ. ಕೂಡಲೇ ಆ ಆಯ್ಕೆ ಆಫ್ ಇರುವ ಇಮೇಜು ಹಾಕಿ. ನಿಮ್ಮ ಪ್ಲಾಟ್‌ಫಾರ್ಮಿಗೆ ಆಪ್-ಟೀಯಲ್ಲಿ ನಿಜವಾದ ಹಾರ್ಡ್‌ವೇರ್ ಕೀ ತೆಗೆಯುವ ಕೋಡ್ ಇದೆಯಾ ಎಂದೂ ನೋಡಬೇಕು. ಇಲ್ಲದಿದ್ದರೆ ಅದು ಎಲ್ಲಾ ಸೊನ್ನೆಗಳನ್ನೇ ಕೀ ಎಂದು ತೆಗೆದುಕೊಳ್ಳುತ್ತದೆ. ಎಲ್ಲಾ ನಡೆಯುತ್ತದೆ, ಎರರ್ ಒಂದೂ ಇಲ್ಲ, ಆದರೆ ಭದ್ರತೆಯೂ ಇಲ್ಲ.

ಲಿನಕ್ಸ್ ಒಳಗಿನಿಂದ ಬರೆಯಲು ಆಗುತ್ತಿಲ್ಲ

ಯು-ಬೂಟ್‌ನಲ್ಲಿ ಎಲ್ಲಾ ಸರಿ, ಲಿನಕ್ಸ್‌ನಲ್ಲಿ ವೇರಿಯಬಲ್‌ಗಳನ್ನು ಫೈಲುಗಳಾಗಿ ತೋರಿಸುವ ಎಫಿವಾರ್‌ಎಫ್‌ಎಸ್ ಓದಲು ಮಾತ್ರ ಸಿಗುತ್ತದೆ, ಬೂಟ್‌ಆರ್ಡರ್ ಬದಲಿಸುವ ಎಫಿಬೂಟ್‌ಮ್ಯಾನೇಜರ್ ಸೋಲುತ್ತದೆ. ಇದನ್ನು ಜನ ಬಹಳ ಕೇಳುತ್ತಾರೆ. ಲಿನಕ್ಸ್ ಬಂದ ಮೇಲೆ ಇಎಂಎಂಸಿಯ ಒಡೆತನ ಲಿನಕ್ಸಿಗೆ ಹೋಗಿರುತ್ತದೆ, ಯು-ಬೂಟ್‌ನ ರನ್‌ಟೈಮ್ ಭಾಗ ಅದನ್ನು ಮುಟ್ಟಲು ಆಗುವುದಿಲ್ಲ. ಹಾಗಾಗಿ ಅದು ಬರೆಯುವ ಕೋರಿಕೆಯನ್ನು ಒಪ್ಪುವುದಿಲ್ಲ, ಕರ್ನಲ್ ಅದನ್ನು ನೋಡಿ ರೀಡ್-ಓನ್ಲಿ ಮಾಡುತ್ತದೆ.

2024ರಲ್ಲಿ ಬಂದ 6.8 ಕರ್ನಲ್‌ನಿಂದ ಇದಕ್ಕೊಂದು ಡ್ರೈವರ್ ಇದೆ. ಅದು ಯು-ಬೂಟ್‌ನ ಭಾಗವನ್ನು ಬದಿಗಿಟ್ಟು ನೇರ ಆಪ್-ಟೀಯೊಳಗಿನ ಎಂಎಂ ಜೊತೆ ಮಾತಾಡುತ್ತದೆ. ಕರ್ನಲ್ ಸಂರಚನೆಯಲ್ಲಿ ಅದನ್ನು ಆನ್ ಮಾಡಿ, ಸಪ್ಲಿಕೆಂಟ್ ಬೇಗ ಶುರುವಾಗುವಂತೆ ನೋಡಿಕೊಳ್ಳಿ. ಬೋರ್ಡು ಆಫ್ ಮಾಡುವಾಗಲೂ ಕ್ರಮ ಮುಖ್ಯ: ಮೊದಲು ಎಫಿವಾರ್‌ಎಫ್‌ಎಸ್ ಅನ್‌ಮೌಂಟ್, ಆಮೇಲೆ ಸಪ್ಲಿಕೆಂಟ್ ನಿಲ್ಲಬೇಕು. ಹೊರುವವನು ಮೊದಲೇ ಮನೆಗೆ ಹೋದರೆ ಉಳಿದವರು ಕಾಯುತ್ತಾ ಕೂರುತ್ತಾರೆ.

ಆದರೂ ಒಂದು ಫೈಲಿಗೆ ಮಾತ್ರ ಬರೆಯಲು ಆಗದಿದ್ದರೆ, ಅದರ ಮೇಲೆ ಇಮ್ಯೂಟಬಲ್ ಗುರುತು ಇರುತ್ತದೆ. ತಪ್ಪಿ ಅಳಿಸದಿರಲಿ ಎಂದು ಕರ್ನಲ್ ಇಟ್ಟದ್ದು. ಆ ಒಂದೇ ಫೈಲಿನ ಗುರುತು ತೆಗೆಯಿರಿ, ಎಲ್ಲದರದ್ದೂ ಬೇಡ. ಕೈಯಿಂದ ಬರೆಯುವಾಗ ಫೈಲಿನ ಮೊದಲ 4 ಬೈಟು ಗುಣಗಳಿಗೆ ಎಂದು ನೆನಪಿರಲಿ, ಡೇಟಾ ಅದರ ಮೇಲೆ ಶುರು.

ಪಿಕೆ, ಡಿಬಿಯಂಥ ಸೆಕ್ಯೂರ್ ಬೂಟ್ ಕೀ ಬದಲಿಸುವಾಗ ಸೆಕ್ಯೂರಿಟಿ ವಯೊಲೇಷನ್ ಬಂದರೆ ಗಡಿಯಾರ ನೋಡಿ. ಸಹಿ ಹಾಕಿದ ಪ್ಯಾಕೆಟ್ಟಿನೊಳಗೆ ಸಹಿ ಹಾಕಿದ ಸಮಯ ಇರುತ್ತದೆ, ಪೂರ್ತಿ ಬದಲಿಸುವಾಗ ಅದು ಹಿಂದಿನದಕ್ಕಿಂತ ಮುಂದಿನದಾಗಿರಬೇಕು. ಬೋರ್ಡಿನ ಮೇಲೆಯೇ ಸಹಿ ಹಾಕಿದವರಿಗೆ ಇಲ್ಲಿ ಏಟು ಬೀಳುತ್ತದೆ. ಬ್ಯಾಟರಿ ಇರುವ ಗಡಿಯಾರ ಇಲ್ಲದ ಬೋರ್ಡು ಕರೆಂಟು ಹೋಗಿ ಬಂದರೆ 1970ಕ್ಕೆ ಹೋಗಿ ನಿಂತಿರಬಹುದು. ಸಹಿಯನ್ನು ಯಾವಾಗಲೂ ಸರಿಯಾದ ಸಮಯ ಇರುವ ಲ್ಯಾಪ್‌ಟಾಪಿನಲ್ಲಿ ಹಾಕಿ. ಸಹಿಯ ಖಾಸಗಿ ಕೀ ಬೋರ್ಡಿನ ಮೇಲೆ ಇರುವುದೂ ತಪ್ಪೇ.

ಜಾಗ ಇಲ್ಲ ಎಂದು ಬಂದರೆ ಡಿಬಿಎಕ್ಸ್ ಗಾತ್ರ ನೋಡಿ, ಅದು ಬೆಳೆಯುತ್ತಲೇ ಹೋಗುವಂಥದ್ದು. ಎಂಎಂ ಕಟ್ಟುವಾಗ ಕೊಟ್ಟ ಸ್ಟೋರ್ ಗಾತ್ರ, ಯು-ಬೂಟ್‌ನ ಬಫರ್ ಗಾತ್ರ ಎರಡನ್ನೂ ಒಟ್ಟಿಗೆ ಏರಿಸಬೇಕಾಗಬಹುದು. ತೋಟಕ್ಕೆ ಹೋದ ಬೋರ್ಡಿನಲ್ಲಿ ಸ್ಟೋರ್ ಗಾತ್ರ ಬದಲಿಸಿದರೆ ಹಳೆಯ ವೇರಿಯಬಲ್‌ಗಳು ಓದಲು ಬಾರದೆ ಹೋಗಬಹುದು, ಹಾಗಾಗಿ ಮೊದಲ ದಿನವೇ ಸ್ವಲ್ಪ ದೊಡ್ಡದಾಗಿ ಇಡಿ.

ಸರಿಯಾಯಿತು ಎಂದು ತೋಟಕ್ಕೆ ಕಳಿಸುವ ಮೊದಲು ನಾವು ಈಗ ಒಂದು ಪರೀಕ್ಷೆ ತಪ್ಪದೆ ಮಾಡುತ್ತೇವೆ. ಎನ್‌ವಿ ಗುಣದ ಒಂದು ಚಿಕ್ಕ ವೇರಿಯಬಲ್ ಬರೆಯುವುದು, ಪ್ಲಗ್ಗನ್ನೇ ಎಳೆಯುವುದು, ಮತ್ತೆ ಹಾಕಿ ಓದುವುದು. ಮೆನುವಿನ ರೀಬೂಟ್ ಅಲ್ಲ, ಪ್ಲಗ್ಗು. ಇಪ್ಪತ್ತು ಸಲ. ಫೈಲ್ ಸ್ಟೋರ್ ಆಗಿದ್ದರೆ ಎಫ್‌ಎಟಿ ಪಾರ್ಟಿಷನ್ನು ಇಲ್ಲೇ ಕೆಡುವುದುಂಟು, ಕೆಡುವುದಾದರೆ ನಮ್ಮ ಮೇಜಿನ ಮೇಲೆ ಕೆಡಲಿ. ಪ್ರತಿ ಬೋರ್ಡಿಗೂ ಒಂದು ಚೀಟಿ: ಫ್ಯೂಸ್ ಆದ ದಿನ, ಆರ್‌ಪಿಎಂಬಿ ಕೀ ಬರೆದ ದಿನ, ಯಾವ ಇಮೇಜಿನಿಂದ, ಇಎಂಎಂಸಿಯ ಸಿಐಡಿ, ಕೊನೆಯಲ್ಲಿ ಓದಿದ ಕೌಂಟರ್. ಮುಂದಿನ ಮಳೆಗಾಲದಲ್ಲಿ ಆ ಬೋರ್ಡು ವಾಪಸ್ ಬಂದರೆ ಚೀಟಿಯ ಕೌಂಟರಿಗೂ ಚಿಪ್ಪಿನ ಕೌಂಟರಿಗೂ ಹೋಲಿಸಿ ನೋಡಿ. ಚೀಟಿಯಲ್ಲಿದ್ದ ಸಂಖ್ಯೆಯೇ ಇನ್ನೂ ಇದ್ದರೆ, ತೋಟದಲ್ಲಿ ಇದ್ದಷ್ಟು ದಿನ ಆ ಚಿಪ್ಪಿಗೆ ಒಂದು ಎಂಟ್ರಿಯೂ ಹೋಗಿಲ್ಲ.